ಹಾಳೂರು ದಿಬ್ಬದಲ್ಲಿ ಸುಟ್ಟ ಜೋಳ ಸಿಕ್ಕಿದೆ. ಅಜ್ಜಿ ಹೇಳಿದ ಕಥೆ ನಿಜವೋ ಅಲ್ಲವೋ ರೇಡಿಯೋಕಾರ್ಬನ್‌ನಿಂದ ಗೊತ್ತಾಗುತ್ತದಾ?

ಪ್ರಶ್ನೆ ಕೇಳಿದವರು: ಹಾಳೂರು ಹೊಲ

ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ನಾಲ್ಕು ಎಕರೆ ಹೊಲ ಇದೆ, ಅರ್ಧ ಕಪ್ಪು ಎರೆ, ಅರ್ಧ ಕೆಂಪು ಮಸಾರಿ. ಮೂಡಲ ಮೂಲೆಯಲ್ಲಿ ಒಂದು ಸಣ್ಣ ದಿಬ್ಬ ಇದೆ. ಊರಲ್ಲಿ ಎಲ್ಲರೂ ಅದನ್ನು ಹಾಳೂರು ಗಡ್ಡೆ ಎನ್ನುತ್ತಾರೆ. ಉಳುವಾಗ ಬೋಕಿ, ಅಂದರೆ ಒಡೆದ ಮಡಕೆಯ ಚೂರು, ಏಳುವುದು ನಮಗೆ ಹೊಸದಲ್ಲ. ಚಿಕ್ಕವನಿದ್ದಾಗ ಅದರಲ್ಲೇ ಕುಂಟಾಬಿಲ್ಲೆ ಆಡಿದ್ದೇವೆ.

ಹೋದ ವಾರ ಆ ಮೂಲೆಯಲ್ಲಿ ಕೃಷಿ ಹೊಂಡ ತೆಗೆಸಲು ಜೆಸಿಬಿ ಕರೆಸಿದೆ. ಏಳು ಅಡಿ ಇಳಿದ ಮೇಲೆ ಹೊಂಡದ ಗೋಡೆ ನೋಡಿ ಕೆಲಸ ನಿಲ್ಲಿಸಿದೆ. ಮೇಲೆ ಒಂದೂವರೆ ಅಡಿ ಉಳುಮೆ ಮಣ್ಣು. ಅದರ ಕೆಳಗೆ ಬೂದು ಬಣ್ಣದ ಮಣ್ಣು, ಬೋಕಿ, ಎಲುಬಿನ ಚೂರು. ನಾಲ್ಕು ಅಡಿಯ ಹತ್ತಿರ ಒಂದು ಗೇಣು ದಪ್ಪದ ಕಪ್ಪು ಪಟ್ಟಿ ಇದೆ. ಒಂದು ಕಡೆ ಕೊಡದ ಆಕಾರದ ಗುಂಡಿ ಸೀಳಿದಂತೆ ಕಾಣುತ್ತದೆ. ಬಾಯಿ ಕಿರಿದು, ಹೊಟ್ಟೆ ಅಗಲ. ಅದರ ತಳದಲ್ಲಿ ಇದ್ದಿಲಿನಂಥ ಕಾಳು. ಕೈಗೆ ತೆಗೆದುಕೊಂಡೆ. ಜೋಳ! ಕಪ್ಪಾಗಿದೆ, ಆದರೆ ಕಣ್ಣಿಗೆ ಜೋಳವೇ.

ನಮ್ಮ ಅಜ್ಜಿ ಹೇಳುತ್ತಿದ್ದಳು: ಪಾಳೇಗಾರರ ಕಾಲದಲ್ಲಿ ದಂಡು ಬಂತು, ಊರಿಗೆ ಬೆಂಕಿ ಇಟ್ಟಿತು, ಉಳಿದವರು ಈಗಿರುವ ಜಾಗಕ್ಕೆ ಬಂದು ಮನೆ ಕಟ್ಟಿಕೊಂಡರು ಎಂದು. ಆಕೆಗೆ ಅವಳ ಅತ್ತೆ ಹೇಳಿದ್ದು. ಅಜ್ಜಿ ತೀರಿಕೊಂಡು ಹನ್ನೊಂದು ವರ್ಷವಾಯಿತು. ಆ ಕಾಳನ್ನು ಅಂಗೈ ಮೇಲೆ ಇಟ್ಟುಕೊಂಡಾಗ ನನಗೆ ಅವಳ ದನಿ ಕೇಳಿದ ಹಾಗಾಯಿತು.

ಎರಡು ಹಿಡಿ ಕಾಳು ಮತ್ತು ಒಂದು ಸುಟ್ಟ ತೊಲೆಯ ತುಂಡು ಪೇಪರಿನಲ್ಲಿ ಕಟ್ಟಿ ಇಟ್ಟಿದ್ದೇನೆ. ದುಡ್ಡು ಖರ್ಚಾದರೂ ಪರವಾಗಿಲ್ಲ, ಕಾರ್ಬನ್ ಪರೀಕ್ಷೆ ಮಾಡಿಸಬೇಕು. ಯಾವುದನ್ನು ಕಳಿಸಲಿ, ತೊಲೆಯೋ ಕಾಳೋ? ಇಂಥ ಇಸವಿ ಎಂದು ಹೇಳುತ್ತಾರಾ? ಮುಂಗಾರು ಹತ್ತಿರ ಬಂತು, ಗೋಡೆ ಕುಸಿಯುವ ಭಯವೂ ಇದೆ.

ಉತ್ತರ ಕೊಟ್ಟವರು: ಜರಡಿ

ಮೊದಲು ಒಂದು ಮಾತು. ಇನ್ನು ಗೋಡೆಗೆ ಕೈ ಹಾಕಬೇಡಿ. ಜೆಸಿಬಿ ನಿಲ್ಲಿಸಿದಿರಲ್ಲ, ಅದೇ ದೊಡ್ಡ ಕೆಲಸ. ಎಷ್ಟೋ ದಿಬ್ಬಗಳ ಹಾಳುಮಣ್ಣು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಗೊಬ್ಬರವಾಗಿ ಹೋಗಿಬಿಟ್ಟಿದೆ.

ನಾನು ಮೊಳಕಾಲ್ಮೂರು ಕಡೆಯವನು. ಪುರಾತತ್ವ ಓದಿದವನಲ್ಲ. ಹುಡುಗನಾಗಿದ್ದಾಗ ಬಳ್ಳಾರಿ ಸೀಮೆಯಲ್ಲಿ ಒಂದು ಉತ್ಖನನಕ್ಕೆ ಕೂಲಿಗೆ ಹೋದೆ. ಮೂರು ವರ್ಷ, ಬೇಸಿಗೆ ಬಂದಾಗಲೆಲ್ಲ. ನನ್ನ ಪಾಲಿಗೆ ಬಂದದ್ದು ಮಣ್ಣು ತೊಳೆಯುವ ಕೆಲಸ. ಒಂದೊಂದು ಪದರದ ಮಣ್ಣನ್ನು ಬೇರೆ ಬೇರೆ ಬಕೆಟ್ಟಿನಲ್ಲಿ ನೀರಿಗೆ ಹಾಕಿ ಮೆಲ್ಲಗೆ ಕಲಕಬೇಕು. ಮಣ್ಣು ತಳ ಸೇರುತ್ತದೆ, ಸುಟ್ಟ ಕಾಳು ಹಗುರ, ತೇಲುತ್ತದೆ. ಮೇಲಿನ ನೀರನ್ನು ಅರ್ಧ ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಜರಡಿಗೆ ಬಗ್ಗಿಸಬೇಕು. ಜರಡಿಯಲ್ಲಿ ಉಳಿದದ್ದನ್ನು ನೆರಳಲ್ಲಿ ಒಣಗಿಸಬೇಕು. ನಮಗೆ ಅಲ್ಲಿ ಜಾಸ್ತಿ ಸಿಗುತ್ತಿದ್ದದ್ದು ಹುರುಳಿ, ಹೆಸರು, ಮತ್ತೆ ಕೊರಲೆಯಂಥ ಸಣ್ಣ ಕಾಳು. ಮನೆಯಲ್ಲಿ ಅವ್ವ ಹುರುಳಿ ಆರಿಸುವಾಗ ನೋಡಿದ್ದ ಅದೇ ಚಪ್ಪಟೆ ಆಕಾರ, ಬಣ್ಣ ಮಾತ್ರ ಕಪ್ಪು. ಸಾವಿರಾರು ವರ್ಷ ಹಳೆಯದು ಎಂದು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಮಾಮೂಲಿ ಕಾಳು ನಮ್ಮ ಮಳೆ, ಬಿಸಿಲಿಗೆ ಮಣ್ಣಲ್ಲಿ ನಿಲ್ಲುವುದಿಲ್ಲ. ಕೊಳೆಯುತ್ತದೆ, ಗೆದ್ದಲು ತಿನ್ನುತ್ತದೆ. ಇದ್ದಿಲಾದ ಕಾಳು ಮಾತ್ರ ಉಳಿಯುತ್ತದೆ, ಅದು ಯಾವ ಹುಳಕ್ಕೂ ಆಹಾರವಲ್ಲ. ಇದ್ದಿಲಾಗಬೇಕಾದರೆ ಬಿಸಿ ಬೇಕು, ಗಾಳಿ ಕಡಿಮೆ ಇರಬೇಕು. ಗಾಳಿ ಜಾಸ್ತಿಯಾದರೆ ಬೂದಿ. ಇದ್ದಿಲು ಸುಡುವವರು ಗೂಡಿಗೆ ಮಣ್ಣು ಮೆತ್ತುತ್ತಾರಲ್ಲ, ಅದೇ ಲೆಕ್ಕ. ರಾಶಿಗೆ ಬೆಂಕಿ ಬಿದ್ದರೆ ಹೊರಗಿನ ಕಾಳು ಬೂದಿಯಾಗುತ್ತದೆ, ಒಳಗಿನದು ಇದ್ದಿಲಾಗಿ ಉಳಿಯುತ್ತದೆ.

ತೊಲೆ ಬೇಡ. ಮರದ ಒಳತಿರುಳು ಮರ ಕಡಿಯುವ ಎಷ್ಟೋ ವರ್ಷ ಮುಂಚೆಯೇ ಬೆಳೆದು ನಿಂತಿರುತ್ತದೆ. ಕಾರ್ಬನ್ ಹೇಳುವುದು ಆ ಉಂಗುರ ಬೆಳೆದ ಕಾಲವನ್ನು, ಮನೆ ಸುಟ್ಟ ದಿನವನ್ನಲ್ಲ. ಅದರ ಮೇಲೆ ನಮ್ಮ ಕಡೆ ತೊಲೆ, ಕಂಬ ಯಾರು ಎಸೆಯುತ್ತಾರೆ? ಹಳೇ ಮನೆ ಬಿಚ್ಚಿ ಹೊಸ ಮನೆಗೆ ಹಾಕುತ್ತಾರೆ. ನಮ್ಮ ಮನೆಯ ನಡುಮನೆ ಕಂಬ ನಮ್ಮ ಮುತ್ತಜ್ಜನ ಮನೆಯದು. ಅದನ್ನು ಸುಟ್ಟು ಪರೀಕ್ಷೆಗೆ ಕಳಿಸಿದರೆ ನಾನು ಯಾವ ಕಾಲದವನು ಎಂದು ಬರಬಹುದು, ಯೋಚಿಸಿ. ಜೋಳ ಹಾಗಲ್ಲ. ಒಂದೇ ಹಂಗಾಮಿನ ಬೆಳೆ. ಆ ವರ್ಷದ ಗಾಳಿಯೇ ಅದರೊಳಗೆ ಇರುತ್ತದೆ.

ಆದರೆ ನೀವು ಬರೆದದ್ದರಲ್ಲಿ ನನಗೆ ಒಂದು ಅನುಮಾನ ಇದೆ. ಕಪ್ಪು ಪಟ್ಟಿ ಮತ್ತು ಗುಂಡಿ ಒಂದೇ ಬೆಂಕಿಯದು ಎಂದು ನೀವು ತಿಳಿದಿದ್ದೀರಿ. ಆ ಗುಂಡಿ ಹಗೇವು ಇದ್ದ ಹಾಗಿದೆ. ಹಗೇವು ಎಂದರೆ ಕಾಳು ತುಂಬಿಡಲು ಮೇಲಿನಿಂದ ಕೆಳಕ್ಕೆ ತೋಡಿದ್ದು. ತೋಡುವಾಗ ಹಳೇ ಪದರಗಳನ್ನು ಕೊರೆದುಕೊಂಡು ಹೋಗಿರುತ್ತದೆ. ಅದರೊಳಗಿನ ಕಾಳು ಪಕ್ಕದ ಮಣ್ಣಿಗಿಂತ ತುಂಬಾ ಹೊಸದಿರಬಹುದು. ಆಳ ಒಂದೇ ಎಂದ ಮಾತ್ರಕ್ಕೆ ಕಾಲ ಒಂದೇ ಅಲ್ಲ. ಬೆಳಿಗ್ಗೆ ಬಿಸಿಲು ಗೋಡೆಗೆ ಬೀಳುವ ಮುಂಚೆ ಹೋಗಿ ನೋಡಿ. ನೆರಳಲ್ಲಿ ಬಣ್ಣ ಚೆನ್ನಾಗಿ ತಿಳಿಯುತ್ತದೆ. ಕಪ್ಪು ಪಟ್ಟಿ ಗುಂಡಿಯ ಮೇಲೆ ಹಾದು ಹೋಗಿದೆಯಾ, ಇಲ್ಲ ಗುಂಡಿಯ ಅಂಚಿಗೆ ಬಂದು ಕಡಿದು ಹೋಗಿದೆಯಾ? ಇಷ್ಟು ಹೇಳಿ. ಒಂದು ಕೋಲಿಗೆ ಅಡಿಯ ಗುರುತು ಹಾಕಿ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಯಿರಿ.

ಎರೆ ಇದೆ ಎಂದಿರಿ, ಅದಕ್ಕೆ ಇನ್ನೊಂದು. ಬೇಸಿಗೆಯಲ್ಲಿ ಎರೆ ನೆಲ ಬಿರುಕು ಬಿಟ್ಟರೆ ಮೊಣಕೈ ಇಳಿಯುತ್ತದೆ. ಮೇಲಿನ ಕಾಳು, ಸುಟ್ಟ ಕೂಳೆ, ಎಲ್ಲ ಒಳಕ್ಕೆ ಬೀಳುತ್ತದೆ. ಮಳೆ ಬಂದು ಬಿರುಕು ಮುಚ್ಚಿದರೆ ಗುರುತೇ ಇಲ್ಲ. ಇಲಿ ಬಿಲ, ಇರುವೆ ಗೂಡು ಬೇರೆ. ಒಂದೇ ಒಂದು ಕಾಳು ಸಿಕ್ಕರೆ ನಂಬುವುದು ಕಷ್ಟ. ರಾಶಿಯಾಗಿ ಸಿಕ್ಕರೆ ನಂಬಬಹುದು.

ಉತ್ತರ ಕೊಟ್ಟವರು: ಅರ್ಧಾಯು

ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳುತ್ತೇನೆ. "ಇಂಥ ಇಸವಿ ಎಂದು ಹೇಳುತ್ತಾರಾ" ಎಂದು ಕೇಳಿದ್ದೀರಿ. ಇದಕ್ಕೆ ಸರಿಯಾಗಿ ಉತ್ತರ ಕೊಡಬೇಕು ಎನಿಸಿತು, ಯಾಕೆಂದರೆ ದುಡ್ಡು ಹಾಕಿದ ಮೇಲೆ ನಿಮಗೆ ನಿರಾಸೆ ಆಗಬಾರದು.

ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಿಂದ ಗಾಳಿಯ ನೈಟ್ರೋಜನ್‌ನಲ್ಲಿ ಸ್ವಲ್ಪ ಕಾರ್ಬನ್-14 ಹುಟ್ಟುತ್ತಲೇ ಇರುತ್ತದೆ. ಅದರ ಪಾಲು ತುಂಬಾ ಕಡಿಮೆ, ಸುಮಾರು ಒಂದು ಲಕ್ಷ ಕೋಟಿ ಕಾರ್ಬನ್ ಪರಮಾಣುಗಳಲ್ಲಿ ಒಂದು. ಗಿಡ ಗಾಳಿಯಿಂದ ಅದನ್ನು ತೆಗೆದುಕೊಳ್ಳುತ್ತದೆ. ತೆನೆ ಬಲಿತು ಕಾಳು ಒಣಗಿದ ಮೇಲೆ ಹೊಸದು ಸೇರುವುದಿಲ್ಲ, ಇದ್ದದ್ದು ಕರಗುತ್ತಾ ಹೋಗುತ್ತದೆ. 5730 ವರ್ಷಕ್ಕೆ ಅರ್ಧ ಉಳಿಯುತ್ತದೆ. 3500 ವರ್ಷ ಹಳೆಯ ಕಾಳಿನಲ್ಲಿ ನೂರಕ್ಕೆ 65 ಪಾಲು ಇರುತ್ತದೆ. 250 ವರ್ಷದ ಕಾಳಿನಲ್ಲಿ 97. ನೋಡಿ, ಪಾಳೇಗಾರರ ಕಾಲಕ್ಕೆ ಬಂದರೆ ಅಳೆಯಬೇಕಾದ ವ್ಯತ್ಯಾಸ ಬರೀ ಮೂರು ಪಾಲು. ಆದರೂ ಇವತ್ತಿನ ಯಂತ್ರಗಳು ಅದನ್ನು ಅಳೆಯುತ್ತವೆ. ತೊಂದರೆ ಅಲ್ಲಿಲ್ಲ.

ತೊಂದರೆ ಗಾಳಿಯದು. ಗಾಳಿಯಲ್ಲಿ ಕಾರ್ಬನ್-14 ಎಲ್ಲ ಕಾಲದಲ್ಲೂ ಒಂದೇ ಸಮ ಇರಲಿಲ್ಲ. ಸೂರ್ಯನ ಚಟುವಟಿಕೆ ಏರಿಳಿದ ಹಾಗೆ ಅದೂ ಏರಿಳಿಯಿತು. ಹಾಗಾಗಿ ಯಂತ್ರ ಕೊಟ್ಟ ಸಂಖ್ಯೆಯನ್ನು ನೇರವಾಗಿ ಇಸವಿ ಮಾಡಲು ಬರುವುದಿಲ್ಲ. ವರ್ಷಕ್ಕೊಂದರಂತೆ ಎಣಿಸಿದ ಮರದ ಉಂಗುರಗಳನ್ನು ಅಳೆದು ಒಂದು ರೇಖೆ ಮಾಡಿಟ್ಟಿದ್ದಾರೆ. ಈಗ ಬಳಕೆಯಲ್ಲಿರುವುದು ಇಂಟ್‌ಕ್ಯಾಲ್20. ನಿಮ್ಮ ಸಂಖ್ಯೆಯನ್ನು ಆ ರೇಖೆಯ ಮೇಲಿಟ್ಟು ಇಸವಿ ಓದಬೇಕು. ರೇಖೆ ಕಡಿದಾಗಿರುವಲ್ಲಿ ಉತ್ತರ ಚೂಪಾಗಿ ಬರುತ್ತದೆ. ಉದಾಹರಣೆಗೆ 1400ರಿಂದ 1450ರ ನಡುವಿನ ಕಾಳಾದರೆ ಚೆನ್ನಾಗಿ ಹೇಳುತ್ತದೆ. ಆದರೆ ಸುಮಾರು 1650ರಿಂದ 1950ರ ತನಕ ರೇಖೆ ಅಂಕುಡೊಂಕು. ಇದಕ್ಕೆ ಸೂರ್ಯನೂ ಕಾರಣ, ಆಮೇಲೆ ಕಾರ್ಖಾನೆಗಳು ಸುಟ್ಟ ಕಲ್ಲಿದ್ದಲೂ ಕಾರಣ. ಕಲ್ಲಿದ್ದಲಿನಲ್ಲಿ ಕಾರ್ಬನ್-14 ಯಾವತ್ತೋ ಮುಗಿದಿದೆ, ಅದರ ಹೊಗೆ ಗಾಳಿಯಲ್ಲಿದ್ದ ಕಾರ್ಬನ್-14ರ ಪಾಲನ್ನು ತೆಳುಮಾಡಿತು.

ಇದರ ಪರಿಣಾಮ ಏನು? ನಿಮ್ಮ ಕಾಳಿಗೆ "200, ಹೆಚ್ಚು ಕಡಿಮೆ 30" ಎಂದು ಬಂತು ಎಂದಿಟ್ಟುಕೊಳ್ಳಿ. ಇದು 1950ರಿಂದ ಹಿಂದಕ್ಕೆ ಎಣಿಸುವ ಲೆಕ್ಕ. 1950ರಲ್ಲಿ 200 ಕಳೆದರೆ 1750 ಎಂದು ಖುಷಿಪಡುವ ಹಾಗಿಲ್ಲ. ರೇಖೆಯ ಮೇಲಿಟ್ಟರೆ 1650ರಿಂದ 1690ರ ಆಸುಪಾಸು ಇರಬಹುದು, 1730ರಿಂದ 1810 ಇರಬಹುದು, 1920ರ ನಂತರವೂ ಇರಬಹುದು ಎಂದು ಮೂರು ತುಂಡು ಬರುತ್ತದೆ. ಹೈದರಾಲಿ ಚಿತ್ರದುರ್ಗ ಹಿಡಿದದ್ದು 1779ರಲ್ಲಿ. ಅದೂ ಇದರೊಳಗೆ ಬರುತ್ತದೆ, ನಿಮ್ಮ ಅಜ್ಜಿಯ ಬಾಲ್ಯವೂ ಬರುತ್ತದೆ. ಅಜ್ಜಿಯ ಮಾತು ಸುಳ್ಳು ಎಂದೂ ಹೇಳಲಾಗದು, ನಿಜ ಎಂದೂ ಹೇಳಲಾಗದು. ನನಗೆ ಇದನ್ನು ಬರೆಯಲು ಬೇಜಾರಾಗುತ್ತಿದೆ. ಆದರೆ ರಿಪೋರ್ಟ್ ಕೈಗೆ ಬಂದ ಮೇಲೆ ತಿಳಿಯುವುದಕ್ಕಿಂತ ಈಗಲೇ ತಿಳಿಯುವುದು ಒಳ್ಳೆಯದು ಅಲ್ವಾ?

ಜೋಳದ ಬಗ್ಗೆ ಇನ್ನೊಂದು. ಜೋಳ, ರಾಗಿ, ಮೆಕ್ಕೆಜೋಳ, ಹೆಚ್ಚಿನ ಸಿರಿಧಾನ್ಯಗಳು ಸಿ-4 ಗುಂಪಿನ ಗಿಡಗಳು. ಇವು ಗಾಳಿಯ ಭಾರದ ಕಾರ್ಬನ್ನನ್ನು ಭತ್ತ, ಹುರುಳಿಗಿಂತ ಸ್ವಲ್ಪ ಜಾಸ್ತಿ ತೆಗೆದುಕೊಳ್ಳುತ್ತವೆ. ಇದಕ್ಕೆ ತಿದ್ದುಪಡಿ ಮಾಡದಿದ್ದರೆ ಕಾಳು ಸುಮಾರು 200 ವರ್ಷ ಹೊಸದು ಎಂದು ತೋರುತ್ತದೆ. ಒಳ್ಳೆಯ ಲ್ಯಾಬ್ ಕಾರ್ಬನ್-13 ಅಳೆದು ಸರಿಪಡಿಸಿಯೇ ಕೊಡುತ್ತದೆ. ಆದರೂ ಕಳಿಸುವ ಚೀಟಿಯಲ್ಲಿ "ಜೋಳ" ಎಂದು ಬರೆಯಬೇಕು. ಬರೀ "ಸುಟ್ಟ ಕಾಳು" ಎಂದರೆ ಸಾಲದು.

ಬರಿಗೈಯಲ್ಲಿ ಮುಟ್ಟಿದ್ದಕ್ಕೆ ಹೆದರಬೇಡಿ. ಲ್ಯಾಬಿನಲ್ಲಿ ಮೊದಲು ಆಮ್ಲದಲ್ಲಿ ಹಾಕಿ ಮಣ್ಣಿನ ಸುಣ್ಣ ತೆಗೆಯುತ್ತಾರೆ. ಆಮೇಲೆ ಕ್ಷಾರದಲ್ಲಿ ಹಾಕಿ ಕೊಳೆತ ಎಲೆ, ಬೇರಿನ ರಸ ತೆಗೆಯುತ್ತಾರೆ. ಮತ್ತೆ ಆಮ್ಲ. 3500 ವರ್ಷದ ಕಾಳಿನಲ್ಲಿ ನೂರಕ್ಕೆ ಒಂದು ಪಾಲು ಇವತ್ತಿನ ಕಾರ್ಬನ್ ಉಳಿದರೂ ತಪ್ಪು ಸುಮಾರು 40 ವರ್ಷ ಅಷ್ಟೇ. ಪೇಪರಿನಿಂದ ತೆಗೆದು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಇಡಿ. ಹತ್ತಿ, ಅಂಟು, ಬೀಡಿ ಬೂದಿ ಹತ್ತಿರ ಬರಬಾರದು. ಹಸಿ ಇರುವಾಗ ಮುಚ್ಚಬೇಡಿ, ಬೂಸಲು ಹಿಡಿಯುತ್ತದೆ.

ಉತ್ತರ ಕೊಟ್ಟವರು: ಸಾವೆ ಅಕ್ಕಿ

ನನ್ನ ಗಂಡನ ಮನೆ ಹೊಸದುರ್ಗ ಕಡೆ, ತವರು ಹರಪನಹಳ್ಳಿ ಕಡೆ. ತವರಲ್ಲಿ ಹಗೇವು ಇತ್ತು, ನಾನು ಕಣ್ಣಾರೆ ಕಂಡಿದ್ದೇನೆ. ಅಂಗಳದಲ್ಲೇ ಬಾಯಿ. ಒಳಗೆ ಸುತ್ತ ಒಣಹುಲ್ಲು ಹಾಕಿ ಜೋಳ ತುಂಬಿ, ಮೇಲೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ತೆಗೆಯುವ ದಿನ ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಮೊದಲು ಬಾಯಿ ತೆರೆದು ಬಿಡಬೇಕು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಆರಿದರೆ ಯಾರೂ ಇಳಿಯಬಾರದು. ಒಳಗಿನ ಕೆಟ್ಟ ಗಾಳಿಗೆ ಜೀವ ಹೋದವರಿದ್ದಾರೆ.

ನಿಮಗೆ ಒಂದು ಕೇಳಬೇಕು. ಆ ಕಾಳು ನಿಜವಾಗಿ ಸುಟ್ಟದ್ದೋ, ಇಲ್ಲ ಮುಗ್ಗಿದ್ದೋ? ಹಗೇವಿನ ಅಂಚಿನ ಜೋಳಕ್ಕೆ ನೀರು ತಾಗಿದರೆ ಅದೂ ಕಪ್ಪಾಗುತ್ತದೆ. ಒಂದು ಕಾಳನ್ನು ಬಿಳಿ ಹಾಳೆ ಮೇಲೆ ಉಜ್ಜಿ. ಇದ್ದಿಲಾದರೆ ಪೆನ್ಸಿಲ್ ಗೆರೆಯ ಹಾಗೆ ಕಪ್ಪು ಬೀಳುತ್ತದೆ, ಒತ್ತಿದರೆ ಗರಿಗರಿಯಾಗಿ ಒಡೆಯುತ್ತದೆ. ಮುಗ್ಗಿದ ಕಾಳು ಹಾಗೆ ಒಡೆಯುವುದಿಲ್ಲ.

ಇನ್ನೊಂದು ಉಪಾಯ. ಗುಂಡಿಯಲ್ಲಿ ಮೆಕ್ಕೆಜೋಳ, ಶೇಂಗಾ ಸಿಪ್ಪೆ, ಮೆಣಸಿನ ಬೀಜ ಏನಾದರೂ ಇದೆಯಾ ನೋಡಿ. ಇವೆಲ್ಲ ಅಮೆರಿಕದಿಂದ ಬಂದ ಬೆಳೆ. ಕೊಲಂಬಸ್ ಅಲ್ಲಿಗೆ ಹೋದದ್ದೇ 1492ರಲ್ಲಿ, ನಮ್ಮ ಕಡೆಗೆ ಬಂದದ್ದು ಅದಕ್ಕೂ ಆಮೇಲೆ. ಒಂದು ಸುಟ್ಟ ಮೆಕ್ಕೆಜೋಳದ ಕಾಳು ಸಿಕ್ಕರೆ ಯಾವ ಯಂತ್ರವೂ ಬೇಡ. ಆದರೆ ಹೋದ ವರ್ಷದ ಕೂಳೆ ಸುಟ್ಟದ್ದು ಬಿರುಕಿನಲ್ಲಿ ಇಳಿದಿರಬಹುದು, ಜರಡಿ ಅವರು ಹೇಳಿದ್ದು ಸರಿ. ದಾವಣಗೆರೆ ಸೀಮೆಯಲ್ಲಿ ಈಗ ಎಲ್ಲಿ ನೋಡಿದರೂ ಮೆಕ್ಕೆಜೋಳವೇ ಅಲ್ವಾ.

ಕೊರಲೆ ಹೆಸರು ಬಂದದ್ದು ನೋಡಿ ಮನಸ್ಸಿಗೆ ಹಿತವಾಯಿತು. ನಾವು ಈಗಲೂ ಅರ್ಧ ಎಕರೆ ಹಾಕುತ್ತೇವೆ. ಮಳೆ ಕೈಕೊಟ್ಟ ವರ್ಷವೂ ಅದು ಕೈಬಿಟ್ಟಿಲ್ಲ.

ಹಾಳೂರು ಹೊಲ

ಎಲ್ಲರಿಗೂ ನಮಸ್ಕಾರ. ನಾನು ಒಂದೇ ಉತ್ತರ ಬಂದರೆ ಸಾಕು ಎಂದುಕೊಂಡಿದ್ದೆ.

ಬೆಳಿಗ್ಗೆ ಆರಕ್ಕೆ ಹೋದೆ. ಜರಡಿ ಅವರು ಹೇಳಿದ್ದು ಸರಿಯಾಗಿದೆ. ಕಪ್ಪು ಪಟ್ಟಿ ಗುಂಡಿಯ ಎಡಕ್ಕೆ ಬಂದು ಕತ್ತರಿಸಿದ ಹಾಗೆ ನಿಂತಿದೆ. ಬಲಕ್ಕೆ ಅದೇ ಎತ್ತರದಲ್ಲಿ ಮತ್ತೆ ಶುರುವಾಗುತ್ತದೆ. ಗುಂಡಿಯ ಬಾಯಿ ಉಳುಮೆ ಮಣ್ಣಿನ ಕೆಳಗೇ ಇದೆ. ಅಂದರೆ ಪಟ್ಟಿ ಮೊದಲು, ಹಗೇವು ಆಮೇಲೆ. ಎರಡು ದಿನದಿಂದ ನಾನು ನೋಡುತ್ತಿದ್ದೆ, ನನಗೆ ಕಂಡಿರಲಿಲ್ಲ.

ಕಾಳು ಹಾಳೆಯ ಮೇಲೆ ಕಪ್ಪು ಗೆರೆ ಬಿಟ್ಟಿತು. ಸುಟ್ಟದ್ದೇ. ಮೆಕ್ಕೆಜೋಳ ಕಾಣಲಿಲ್ಲ. ಜೆಸಿಬಿ ಹೊರಹಾಕಿದ ಮಣ್ಣಿನ ಗುಡ್ಡೆಯಲ್ಲಿ, ಗುಂಡಿಯ ಬೂದು ಮಣ್ಣು ಅಂಟಿಕೊಂಡ ಒಂದು ಮಣ್ಣಿನ ಚಿಲುಮೆಯ ತುಂಡು ಸಿಕ್ಕಿತು. ಒಳಗೆ ಮಸಿ ಇದೆ.

ಪಟ್ಟಿಯನ್ನು ಮುಟ್ಟಲಿಲ್ಲ. ಆದರೆ ಅದರ ಕೆಳಗೆ ತಾನಾಗಿ ಉದುರಿದ ಮಣ್ಣಿನಲ್ಲಿ ನಾಲ್ಕು ಬೋಕಿ ಇತ್ತು. ಹೊರಗೆ ಅಂಚಿನ ಕಡೆ ಕಪ್ಪು, ಕೆಳಗೆ ಕೆಂಪು, ಒಳಗೆಲ್ಲ ಕಪ್ಪು. ನುಣುಪಾಗಿದೆ. ಅದೇ ಮಣ್ಣಿನಲ್ಲಿ ಎರಡು ಚಪ್ಪಟೆ ಕಾಳು. ಮನೆಯಲ್ಲಿದ್ದ ಹುರುಳಿಯ ಪಕ್ಕ ಇಟ್ಟು ನೋಡಿದೆ. ಆಕಾರ ಒಂದೇ, ಸ್ವಲ್ಪ ಸಣ್ಣದು. ಜೋಳ ಒಂದೂ ಇಲ್ಲ.

ಜರಡಿ

ನೀವು ಬರೆದದ್ದನ್ನು ಎರಡು ಸಲ ಓದಿದೆ. ಚಿಲುಮೆ ಸಿಕ್ಕಿದ್ದು ದೊಡ್ಡದು. ತಂಬಾಕೂ ಅಮೆರಿಕದ ಗಿಡವೇ. 1604ರ ಹೊತ್ತಿಗೆ ಅಕ್ಬರನ ಕಡೆಯ ಅಸದ್ ಬೇಗ್ ಎಂಬಾತ ಬಿಜಾಪುರದಲ್ಲಿ ಅದನ್ನು ಕಂಡು, ಹೊಸ ವಸ್ತು ಎಂದು ಆಸ್ಥಾನಕ್ಕೆ ಒಯ್ದ. ಹಾಗಾಗಿ ಚಿಲುಮೆ ಇರುವ ಗುಂಡಿ ಸುಮಾರು 1600ರ ನಂತರದ್ದು ಎಂದು ಇಟ್ಟುಕೊಳ್ಳಬಹುದು. ಅರ್ಧಾಯು ಅವರು ಹೇಳಿದ ರೇಖೆಯ ಅಂಕುಡೊಂಕು ಅದರ ಸ್ವಲ್ಪ ಆಮೇಲೆಯೇ ಶುರುವಾಗುತ್ತದೆ. ಆ ಜೋಳಕ್ಕೆ ಕಾರ್ಬನ್ ಪರೀಕ್ಷೆ ಮಾಡಿಸಬೇಡಿ. ಚಿಲುಮೆ ಹೇಳಿದ್ದಕ್ಕಿಂತ ಜಾಸ್ತಿ ಅದು ಹೇಳುವುದಿಲ್ಲ. ಅಜ್ಜಿಯ ಮಾತಿಗೆ ಈ ಗುಂಡಿ ಹೊಂದುತ್ತದೆ, ಅಷ್ಟು ಮಾತ್ರ ಹೇಳಬಹುದು. ಹಗೇವಿನಲ್ಲಿ ಕಾಳು ಬಿಟ್ಟು ಹೋದ ಮನೆಯವರು ಸುಮ್ನೆ ಹೋಗಿರಲಾರರು ಎಂದು ನನ್ನ ಮನಸ್ಸು ಹೇಳುತ್ತದೆ.

ಪಟ್ಟಿಯ ವಿಷಯ ಬೇರೆ. ಒಳಗೆ ಕಪ್ಪು, ಹೊರಗೆ ಕೆಂಪು ಬೋಕಿ ಎಂದರೆ ನಮ್ಮ ಕಡೆ ಕಬ್ಬಿಣ ಯುಗದ, ದೊಡ್ಡ ಕಲ್ಲಿನ ಗೋರಿಗಳ ಕಾಲದ ಮಡಕೆ. ನಿಮ್ಮ ಹೊಂಡದ ಗೋಡೆಯಲ್ಲಿ ಎರಡು ಊರು ಇದೆ, ಒಂದರ ಮೇಲೆ ಒಂದು.

ಇಂಥ ಪದರಕ್ಕೆ ಇಸವಿ ಹಾಕುವುದು ಎಷ್ಟು ಕಷ್ಟ ಎನ್ನುವುದು ನಮ್ಮ ಜಿಲ್ಲೆಯವರಿಗೆ ಗೊತ್ತಿರಬೇಕಾದ ಸಂಗತಿ. ಬ್ರಹ್ಮಗಿರಿ ನನ್ನ ಊರಿಂದ ದೂರವಿಲ್ಲ. ಅಶೋಕನ ಶಾಸನ ಅಲ್ಲಿನ ಬಂಡೆಯ ಮೇಲಿದೆ, ಇಸಿಲ ಎಂಬ ಪಟ್ಟಣದ ಹೆಸರು ಅದರಲ್ಲಿದೆ. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆದರು, ಚಂದ್ರವಳ್ಳಿಯಲ್ಲೂ ಅಗೆದರು. ಕೆಳಗೆ ಕಲ್ಲುಕೊಡಲಿಯವರು, ಅವರ ಮೇಲೆ ಕಬ್ಬಿಣದವರು, ಅದರ ಮೇಲೆ ಶಾತವಾಹನರ ಕಾಲದವರು. ಈ ಸಾಲು ಇವತ್ತಿಗೂ ನಿಂತಿದೆ. ಆದರೆ ಇಸವಿ? ಆಗ ರೇಡಿಯೋಕಾರ್ಬನ್ ಇರಲಿಲ್ಲ. ಲಿಬ್ಬಿ ಎಂಬ ವಿಜ್ಞಾನಿ ಅಮೆರಿಕದಲ್ಲಿ ಆ ವಿಧಾನ ಪ್ರಕಟಿಸಿದ್ದು 1949ರಲ್ಲಿ. ವೀಲರ್ ಕೈಯಲ್ಲಿದ್ದದ್ದು ರೋಮನ್ ನಾಣ್ಯ ಮತ್ತು ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ಕಂಡಿದ್ದ ಒಂದು ಬಗೆಯ ಮಡಕೆ. ಅಲ್ಲಿಂದ ಹಿಂದಕ್ಕೆ ಅಂದಾಜು ಮಾಡಿದರು. ಕಬ್ಬಿಣದವರು ಕ್ರಿಸ್ತಪೂರ್ವ 200ರ ಸುಮಾರಿಗೆ ಬಂದರು, ಕಲ್ಲುಕೊಡಲಿಯವರ ಕಾಲ ಕ್ರಿಸ್ತಪೂರ್ವ 1000ದ ಈಚೆಗೆ ಶುರುವಾಯಿತು ಎಂದರು. ಆಮೇಲೆ ತೆಲಂಗಾಣದ ಉಟ್ನೂರಿನ ಬೂದಿ ದಿಬ್ಬದಿಂದ, ಬೇರೆ ಕಡೆಯಿಂದ ಇದ್ದಿಲು ಪರೀಕ್ಷೆಗೆ ಹೋಯಿತು. ಕಲ್ಲುಕೊಡಲಿಯವರ ಕಾಲ ಸಾವಿರ ವರ್ಷಕ್ಕೂ ಜಾಸ್ತಿ ಹಿಂದಕ್ಕೆ ಹೋಯಿತು. ಹರಿಹರದಿಂದ ಬಹಳ ದೂರವಲ್ಲದ ಹಳ್ಳೂರಿನಲ್ಲಿ 1965ರಲ್ಲಿ ಪುರಾತತ್ವಜ್ಞ ನಾಗರಾಜರಾವ್ ಅಗೆದಾಗ ಸಿಕ್ಕ ಇದ್ದಿಲು, ಕಬ್ಬಿಣವನ್ನು ಕ್ರಿಸ್ತಪೂರ್ವ 1000ದ ಹತ್ತಿರಕ್ಕೆ ತಂದಿತು. ವೀಲರ್ ಓದಿದ ಪದರ ತಪ್ಪಲ್ಲ. ಅವರಿಗೆ ಗಡಿಯಾರ ಇರಲಿಲ್ಲ.

ನಿಮ್ಮ ಪಟ್ಟಿಯ ಹುರುಳಿಗೆ ಆ ಗಡಿಯಾರ ಇಡಬಹುದು. ಕಾರ್ಬನ್-14 ಪರಮಾಣುಗಳನ್ನೇ ನೇರವಾಗಿ ಎಣಿಸುವ ಎಎಂಎಸ್ ಯಂತ್ರಕ್ಕೆ ಕೆಲವು ಮಿಲಿಗ್ರಾಂ ಸಾಕು, ಒಂದು ಕಾಳೇ ಆಗುತ್ತದೆ. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್‌ನಲ್ಲಿ ಅದು ಇದೆ, ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯಲ್ಲೂ ಇದೆ. ಆದರೆ ಉದುರಿದ ಮಣ್ಣಿನ ಕಾಳು ಬೇಡ. ಅದು ಯಾವ ಪದರದ್ದು ಎಂದು ನಾಳೆ ಯಾರಾದರೂ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇಲ್ಲ. ಗೋಡೆಯಲ್ಲಿ ಇನ್ನೂ ಕೂತಿರುವ ಕಾಳು ಬೇಕು. ಅದನ್ನು ತಿಳಿದವರೇ ಅಳತೆ ಬರೆದು ತೆಗೆಯಬೇಕು. ಪರವಾನಗಿ ಇಲ್ಲದೆ ಅಗೆಯುವುದು ಕಾನೂನಿಗೂ ವಿರುದ್ಧ.

ನನಗೆ ಇದು ಮನಸ್ಸಿಗೆ ಕೂತ ವಿಷಯ, ಯಾಕೆಂದರೆ ಒಂದು ಸಲ ಕಣ್ಣೆದುರೇ ಹಾಳಾಗಿದೆ. ಒಂದು ಕಡೆ ಹನ್ನೆರಡು ದಿನ ಮಣ್ಣು ತೊಳೆದು ತೆಗೆದ ಕಾಳನ್ನು ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೋಣೆಯಲ್ಲಿ ಬಿಟ್ಟರು. ಮಳೆಗಾಲ ಮುಗಿದ ಮೇಲೆ ತೆರೆದರೆ ಎಲ್ಲ ಬೂಸಲು. ಚೀಟಿಯ ಅಕ್ಷರವೂ ಹೋಗಿತ್ತು. ಯಾವ ಚೀಲ ಯಾವ ಪದರದ್ದು ಎಂದು ಯಾರಿಗೂ ಹೇಳಲು ಆಗಲಿಲ್ಲ. ಕಾಳು ಇತ್ತು, ಅದರ ಊರು ಕಳೆದುಹೋಗಿತ್ತು.

ಚಿತ್ರದುರ್ಗದ ಸರ್ಕಾರಿ ವಸ್ತು ಸಂಗ್ರಹಾಲಯಕ್ಕೆ ಹೋಗಿ ಫೋಟೋ ತೋರಿಸಿ. ತಹಶೀಲ್ದಾರರಿಗೂ ಒಂದು ಅರ್ಜಿ ಕೊಡಿ. ಅಲ್ಲಿಯ ತನಕ ಗೋಡೆಗೆ ನೆರಳು, ಮಳೆಗೆ ಮರೆ.

ಅರ್ಧಾಯು

ಒಂದು ಸೇರಿಸಬೇಕು. ಕಬ್ಬಿಣ ಯುಗದ ಕಾಳಾದರೆ ಇನ್ನೊಂದು ಕಡೆ ರೇಖೆ ಚಪ್ಪಟೆ ಇದೆ, ಕ್ರಿಸ್ತಪೂರ್ವ 800ರಿಂದ 400ರ ತನಕ. ಆ ನಾಲ್ಕು ನೂರು ವರ್ಷದ ಕಾಳುಗಳೆಲ್ಲ ಹೆಚ್ಚು ಕಡಿಮೆ ಒಂದೇ ಸಂಖ್ಯೆ ಕೊಡುತ್ತವೆ. ಹಾಗಾಗಿ ಬಂದವರನ್ನು ಒಂದೇ ಕಾಳಿಗೆ ನಿಲ್ಲಿಸಬೇಡಿ ಎಂದು ಕೇಳಿಕೊಳ್ಳಿ. ಪಟ್ಟಿಯ ಕೆಳಗಿನ ಪದರದಿಂದ ಒಂದು, ಪಟ್ಟಿಯಿಂದ ಎರಡು, ಮೇಲಿನಿಂದ ಒಂದು. ಕೆಳಗಿನದು ಹಳೆಯದು ಎಂಬುದು ನಮಗೆ ಮೊದಲೇ ಗೊತ್ತಿರುವುದರಿಂದ, ನಾಲ್ಕನ್ನೂ ಸೇರಿಸಿ ಲೆಕ್ಕ ಹಾಕಿದರೆ ಪಟ್ಟಿಯ ಕಾಲ ಬಿಗಿಯಾಗುತ್ತದೆ. ಬಿರುಕಿನಲ್ಲಿ ಬಿದ್ದ ಹೊಸ ಕಾಳು ಬಂದರೂ ಸಿಕ್ಕಿಬೀಳುತ್ತದೆ. 1950ರ ದಶಕದಿಂದ ಅಣುಬಾಂಬ್ ಪರೀಕ್ಷೆಗಳು ಗಾಳಿಯ ಕಾರ್ಬನ್-14 ಅನ್ನು ಒಂದು ಹಂತದಲ್ಲಿ ಸುಮಾರು ಎರಡರಷ್ಟು ಮಾಡಿದವು. ಆಮೇಲಿನ ಕಾಳು ಅಳತೆಯಲ್ಲಿ ಎದ್ದು ಕಾಣುತ್ತದೆ.

ಹಾಳೂರು ಹೊಲ

ನಿನ್ನೆ ಚಿತ್ರದುರ್ಗಕ್ಕೆ ಹೋಗಿ ಬಂದೆ. ಫೋಟೋಗಳನ್ನು ದೊಡ್ಡದು ಮಾಡಿ ನೋಡಿದರು. ಗುಂಡಿಯ ಅಂಚಿಗೆ ಬೆರಳಿಟ್ಟು, ಇದು ಆಮೇಲೆ ತೋಡಿದ್ದು ಎಂದು ಅವರೇ ಹೇಳಿದರು. ಬುಧವಾರ ಬರುತ್ತೇವೆ ಎಂದಿದ್ದಾರೆ. ತಹಶೀಲ್ದಾರ್ ಕಚೇರಿಗೂ ಅರ್ಜಿ ಕೊಟ್ಟೆ.

ಕೃಷಿ ಹೊಂಡವನ್ನು ಪಡುವಣ ಮೂಲೆಗೆ ತೆಗೆಸುತ್ತೇನೆ. ಅಲ್ಲಿ ಮಸಾರಿ, ನೀರು ಬೇಗ ಇಂಗುತ್ತದೆ, ಪ್ಲಾಸ್ಟಿಕ್ ಹಾಳೆ ಹಾಸಬೇಕು. ಖರ್ಚು ಜಾಸ್ತಿ. ತಮ್ಮ ಮೊದಲು ಒಪ್ಪಲಿಲ್ಲ. ಎರಡು ಊರು ಇದೆ ಎಂದು ಗೋಡೆ ತೋರಿಸಿದ ಮೇಲೆ ಸುಮ್ಮನಾದ, ಸಂಜೆ ಅವನೇ ತಾಡಪಾಲು ತಂದ.

ಪೇಪರಿನಲ್ಲಿ ಕಟ್ಟಿದ್ದ ಜೋಳವನ್ನು ಫಾಯಿಲ್‌ಗೆ ಹಾಕಿದ್ದೇನೆ. "ಹಗೇವಿನ ತಳ, ಜೋಳ, ಕೈಯಿಂದ ತೆಗೆದದ್ದು" ಎಂದು ಬರೆದಿದ್ದೇನೆ. ಚಿಲುಮೆಗೆ ಬೇರೆ ಪೊಟ್ಟಣ. ಬುಧವಾರ ಎರಡನ್ನೂ ಅವರ ಕೈಗೆ ಕೊಡುತ್ತೇನೆ. ಪಟ್ಟಿಯಿಂದ ಕಾಳು ತೆಗೆಯುವಾಗ ಪಕ್ಕದಲ್ಲಿ ನಿಂತು ನೋಡಬಹುದಾ ಎಂದು ಕೇಳಿದೆ. ನೋಡಬಹುದು, ಬಕೆಟ್ ಹಿಡಿಯಲು ಒಬ್ಬರು ಬೇಕೇ ಬೇಕು ಎಂದರು.

ಈಗ ಮೋಡ ಕಟ್ಟಿದೆ. ತಾಡಪಾಲಿನ ಅಂಚಿಗೆ ಕಲ್ಲು ಇಟ್ಟು, ಮೇಲಿನಿಂದ ನೀರು ಇಳಿಯದ ಹಾಗೆ ಸಣ್ಣ ಬದು ಹಾಕಿ ಬಂದೆ.